ಜೀರುಂಡೆ ಕೇಳದ ಬೇಸಿಗೆ

ಬೆಳಗಿನ ಆರು ಗಂಟೆ. ಲಂಡನ್ನಿನ ಕ್ವೀನ್ಸ್‌ಬರಿಯ ಅಂಗಡಿ ಸಾಲಿನಲ್ಲಿ ಇನ್ನೂ ಯಾರೂ ಶಟರ್ ಎತ್ತಿಲ್ಲ. ಕೊತ್ತಂಬರಿ, ಮೆಂತ್ಯದ ಪೆಟ್ಟಿಗೆಗಳನ್ನು ತರಕಾರಿ ಅಂಗಡಿಯ ಬಾಗಿಲಿಗೆ ಇಳಿಸಿ ವ್ಯಾನು ಹೊರಟುಹೋಗಿದೆ. ಆ ಸಾಲಿನ ಹಿಂದೆ, ಕಾರು ರಿಪೇರಿ ಗ್ಯಾರೇಜಿಗೂ ಟೈಲ್ಸ್ ಗೋದಾಮಿಗೂ ನಡುವೆ ಸಿಕ್ಕಿಹಾಕಿಕೊಂಡಂತಿರುವ ಒಂದು ಶೆಡ್ಡಿನ ಬೀಗ ತೆಗೆಯುತ್ತಿದ್ದಾರೆ ಅಂಬುಜಾ. ಒಳಗೆ ಹೋದವರೇ ಬಾಯ್ಲರಿನ ಸ್ವಿಚ್ಚು ಹಾಕುತ್ತಾರೆ. ಕೋಟು ತೆಗೆದು ಮೊಳೆಗೆ ಸಿಕ್ಕಿಸುತ್ತಾರೆ. ಆಮೇಲೆ ಕೈಯ ಹಸಿರು ಗಾಜಿನ ಬಳೆಗಳನ್ನು ಒಂದೊಂದಾಗಿ ಬಿಚ್ಚಿ ಸ್ಟೀಲಿನ ಡಬ್ಬಿಯೊಳಗೆ ಹಾಕಿ ಮುಚ್ಚಳ ಒತ್ತುತ್ತಾರೆ.

ಇದು ಗ್ರಾಮಫೋನ್ ರೆಕಾರ್ಡು ಮಾಡುವ ಕಾರ್ಖಾನೆ. ಈ ಕಾಲದಲ್ಲಿ ಅದನ್ನೆಲ್ಲ ಯಾರು ಕೊಳ್ಳುತ್ತಾರೆ ಎಂದು ಕೇಳಬೇಡಿ, ಕೊಳ್ಳುತ್ತಾರೆ! ಫೋನಿನಲ್ಲಿ ಬಿಟ್ಟಿಯಾಗಿ ಸಿಗುವ ಹಾಡನ್ನು ಕೈಯಲ್ಲಿ ಹಿಡಿದು ನೋಡಬೇಕೆನ್ನುವ ಹುಚ್ಚು ಲಂಡನ್ನಿನ ಹುಡುಗ ಹುಡುಗಿಯರಿಗೆ ಹೊಸದಾಗಿ ಹಿಡಿದಿದೆ. ಬಿಸಿ ಪ್ಲಾಸ್ಟಿಕ್ಕಿನ ಉಂಡೆಯನ್ನು ಎರಡು ಲೋಹದ ಅಚ್ಚುಗಳ ನಡುವೆ ಇಟ್ಟು ಒತ್ತಿದರೆ ಕರೀ ತಟ್ಟೆಯೊಂದು ಹೊರಬರುತ್ತದೆ. ಐವತ್ತಕ್ಕೊಂದರಂತೆ ಅದನ್ನು ಎತ್ತಿಕೊಂಡು, ಮುಳ್ಳು ಇಟ್ಟು, ಮೊದಲಿನಿಂದ ಕೊನೆಯವರೆಗೆ ಕೇಳಿ, ಇದು ಅಂಗಡಿಗೆ ಹೋಗಬಹುದು ಅಥವಾ ಇದು ಪುಡಿಯಂತ್ರಕ್ಕೆ ಹೋಗಲಿ ಎಂದು ತೀರ್ಪು ಕೊಟ್ಟು ಸಹಿ ಹಾಕುವವರು ಒಬ್ಬರು ಬೇಕು. ಹದಿನಾಲ್ಕು ವರ್ಷಗಳಿಂದ ಆ ತೀರ್ಪು ಕೊಡುತ್ತ ಬಂದವರು ಅಂಬುಜಾ.

ಮೂಲೆಯಲ್ಲೊಂದು ಪುಟ್ಟ ಕೋಣೆ. ಗೋಡೆಗೆಲ್ಲ ಸ್ಪಂಜು ಹೊಡೆದಿದ್ದಾರೆ. ಕಿಟಕಿಯಿಲ್ಲ, ಫ್ಯಾನೂ ಇಲ್ಲ, ಫ್ಯಾನು ತಿರುಗಿದರೆ ಅದರದ್ದೂ ಸದ್ದು ಕೇಳುತ್ತದಲ್ಲ. ಅಂಬುಜಾ ಮುಳ್ಳಿನ ಧೂಳು ಒರೆಸುತ್ತಾರೆ, ತಟ್ಟೆಯನ್ನು ಅಂಚಿನಲ್ಲೇ ಹಿಡಿದು ಇಡುತ್ತಾರೆ, ಹೆಡ್‌ಫೋನಿನ ವೈರು ಬಿಡಿಸುತ್ತಾರೆ. ಎಲ್ಲವೂ ದಿನದಂತೆಯೇ. ಆದರೆ ಕುರ್ಚಿಯನ್ನು ಹಿಂದಕ್ಕೆಳೆದು ಅವರು ಕೂರುವುದಿಲ್ಲ, ಬಾಗಿಲಿನ ಕಡೆ ನೋಡುತ್ತ ನಿಲ್ಲುತ್ತಾರೆ. ಇವತ್ತು ಅಲ್ಲಿ ಕೂರುವವಳು ಸಿರಿಶಾ ಎಂಬ ಇಪ್ಪತ್ತಾರರ ಹುಡುಗಿ. ಊರಿನ ಇನ್ನೊಂದು ತುದಿಯ ಸಟನ್‌ನಿಂದ ರೈಲು ಬದಲಿಸಿ ಬದಲಿಸಿ ಬರಬೇಕು ಪಾಪ, ಇನ್ನೂ ಬಂದಿಲ್ಲ. ಅಂಬುಜಾರ ಕಿವಿ ಈ ಕೆಲಸಕ್ಕೆ ಇನ್ನು ಆಗುವುದಿಲ್ಲ. ಆ ಸಂಗತಿ ಅವರಿಗೆ ತಿಳಿದದ್ದು ಒಂದು ಜಪಾನೀ ರೆಕಾರ್ಡಿನಿಂದ.

ಅಂಬುಜಾ ಅಳ್ನಾವರದವರು. ತಂದೆ ಅಲ್ಲಿಯ ಮರದ ಡಿಪೋದಲ್ಲಿ ಗುಮಾಸ್ತರು. ಧಾರವಾಡದಲ್ಲಿ ಬಿ.ಎ. ಮುಗಿಸಿ, ನರ್ಸಿಂಗ್ ಓದಿದ ಪಾಂಡುರಂಗ ಅವರನ್ನು ಮದುವೆಯಾಗಿ, ಅವರ ಹಿಂದೆ ಲಂಡನ್ನಿಗೆ ಬಂದರು. ಪಾಂಡುರಂಗ ಆಸ್ಪತ್ರೆಯ ವಾರ್ಡಿನಲ್ಲಿ, ಹೆಚ್ಚಾಗಿ ರಾತ್ರಿ ಪಾಳಿ. ಹಗಲು ಗಂಡ ಮಲಗಿದಾಗ ಮನೆಯಲ್ಲಿ ಸೊಲ್ಲೆತ್ತದೆ ಓಡಾಡುವುದನ್ನು ಕಲಿತೆ ಎನ್ನುತ್ತಾರೆ ಅಂಬುಜಾ. ಶಾಲೆಯ ಕ್ಯಾಂಟೀನಿನಲ್ಲಿ ಬಡಿಸಿದರು, ಕ್ವೀನ್ಸ್‌ಬರಿಯ ದಿನಸಿ ಅಂಗಡಿಯಲ್ಲಿ ಬಿಲ್ಲು ಹಾಕಿದರು. ಆ ಅಂಗಡಿಗೆ ಬರುತ್ತಿದ್ದ ಗಿರಾಕಿಯೇ ಮಧುಸೂದನ್. ಬೆಂಗಳೂರಿನಿಂದ ವರ್ಕ್ ವೀಸಾದ ಮೇಲೆ ಬಂದು, ಸ್ಟ್ಯಾನ್ಮೋರ್‌ನಲ್ಲಿ ಮನೆ ಮಾಡಿ, ಕಂಪ್ಯೂಟರ್ ಕೆಲಸ ಸಾಕೆನಿಸಿ ಈ ಕಾರ್ಖಾನೆಗೆ ಕೈ ಹಾಕಿದವರು. ಒಂದು ದಿನ ಬಿಲ್ಲಿನ ಸಾಲಿನಲ್ಲಿ ನಿಂತಿದ್ದ ಅವರಿಗೆ, ಅಂಬುಜಾ “ನಿಮ್ಮ ಫ್ರಿಜ್ಜಿನ ಮೋಟಾರು ಇವತ್ತೋ ನಾಳೆಯೋ ಹೋಗ್ತದ ನೋಡ್ರಿ” ಎಂದು ಅಂಗಡಿಯವನಿಗೆ ಹೇಳುವುದು ಕೇಳಿಸಿತಂತೆ. ಮರುವಾರ ಬಂದು ನೋಡಿದರೆ ಹೊಸ ಫ್ರಿಜ್ಜು ನಿಂತಿತ್ತು. “ಆವತ್ತೇ ಡಿಸೈಡ್ ಮಾಡ್ದೆ, ನನ್ ಲಿಸನರ್ ಇವ್ರೇ ಅಂತ,” ಎನ್ನುತ್ತಾರೆ ಮಧುಸೂದನ್.

ಕೇಳುವುದೂ ಒಂದು ಕೆಲಸವೇ ಎಂದು ಮೂಗು ಮುರಿಯುವವರು ಆ ಕೋಣೆಯಲ್ಲಿ ಒಂದು ಗಂಟೆ ಕೂತು ನೋಡಲಿ. ದಿನಕ್ಕೆ ಹತ್ತು ಹನ್ನೆರಡು ತಟ್ಟೆ, ಎರಡೂ ಮೈ. ಕೆಮ್ಮುವ ಹಾಗಿಲ್ಲ, ಬಿಸ್ಕತ್ತು ಕಡಿಯುವ ಹಾಗಿಲ್ಲ, ತೂಕಡಿಸುವ ಮಾತಂತೂ ದೂರವೇ ಉಳಿಯಿತು. ಸೊಸೆ ಬಳೆ ಬಿಚ್ಚಿಟ್ಟು ಬರಿಗೈಯಲ್ಲಿ ಕೂರುವುದು ಗೊತ್ತಾದಾಗ ಧಾರವಾಡದಿಂದ ಅತ್ತೆ ಫೋನಿನಲ್ಲೇ ಸಹಸ್ರನಾಮ ಮಾಡಿದ್ದರು. ಬಳೆ ಸದ್ದು ಮಾಡುತ್ತದೆ ಎಂದು ಎಷ್ಟು ಹೇಳಿದರೂ, ಸದ್ದು ಮಾಡಲೆಂದೇ ಅಲ್ಲವೇ ಬಳೆ ಎಂದು ಅವರ ವಾದ. “ಅವರಂದಿದ್ದೂ ಖರೇನ ಬಿಡ್ರಿ,” ಎಂದು ನಗುತ್ತಾರೆ ಅಂಬುಜಾ.

ಅವರ ಕೆಲಸದ ರೀತಿಯೇ ಬೇರೆ. “ಹಾಡು ಕೇಳಿದ್ರ ಕೆಲಸ ಕೆಟ್ಟಂಗ. ಹಾಡಿನ ಕೆಳಗ ಏನದ ಅದನ್ನ ಕೇಳಬೇಕು. ಎಲ್ಲರೆ ಟಿಕ್ ಅಂತದ, ಎಲ್ಲರೆ ಬುಸ್ ಅಂತದ, ಅಷ್ಟ ನನ್ನ ಪಾಲು. ಹಾಡು ತಗೊಂಡಾವ್ರ ಪಾಲು,” ಎನ್ನುತ್ತಾರೆ. ಹಾಗಾಗಿ ಇಷ್ಟು ವರ್ಷ ಜಗತ್ತಿನ ಹಾಡನ್ನೆಲ್ಲ ಕೇಳಿದ ಈ ಹೆಂಗಸಿಗೆ ಅದರಲ್ಲೊಂದನ್ನೂ ಗುನುಗಲು ಬರುವುದಿಲ್ಲ. ಒಂದೇ ಒಂದು ರೆಕಾರ್ಡಿನಲ್ಲಿ ಮಾತ್ರ ಅವರು ತಮ್ಮ ಕಟ್ಟಳೆ ಮುರಿದರು.

ನಾಲ್ಕು ವರ್ಷಗಳ ಹಿಂದಿನ ಫೆಬ್ರುವರಿ. ಹೊರಗೆ ಹಿಮ ಬಿದ್ದು ಬಸ್ಸುಗಳು ನಿಂತುಹೋಗಿದ್ದವು. ಜಪಾನಿನ ಯಾವುದೋ ಕಡಲೂರಿನ ನಾಲ್ವರು ಹುಡುಗರು ಬಹಳ ಹಿಂದೆ ಮಾಡಿದ ರಾಕ್ ರೆಕಾರ್ಡೊಂದನ್ನು ಲಂಡನ್ನಿನ ಸಣ್ಣ ಕಂಪನಿಯೊಂದು ಮತ್ತೆ ಹೊರತರುತ್ತಿತ್ತು. ರೆಕಾರ್ಡು ತುಂಬ ಬೇಸಿಗೆಯದೇ ಹಾಡುಗಳು. ಬೀಚಿಗೆ ಹೋಗುವ ಬಸ್ಸು, ಐಸು ಮಾರುವವನು, ಸಂಜೆಯ ಗುಡುಗು, ರಜೆ ಮುಗಿದ ಮೇಲೆ ಖಾಲಿಯಾದ ರೈಲು ನಿಲ್ದಾಣ. ಇದೆಲ್ಲ ಅಂಬುಜಾಗೆ ಗೊತ್ತಾದದ್ದು ಆಮೇಲೆ. ಮುಳ್ಳು ಇಟ್ಟಾಗ ಕೇಳಿಸಿದ್ದು ಹಾಡಲ್ಲ, ಗಿಟಾರೂ ಅಲ್ಲ. ಡ್ರಮ್ಮು ಶುರುವಾಗುವ ಮೊದಲು, ಸುಮಾರು ಅರ್ಧ ನಿಮಿಷ, ಬರೀ ಜೀರುಂಡೆಗಳು.

“ಮೈ ಜುಂ ಅಂತು ನೋಡ್ರಿ. ನಮ್ಮೂರಾಗ ಏಪ್ರಿಲ್ ಕಡೀಕ ಜೀರುಂಡಿ ಹಿಂಗ ಕೂಗ್ತಿದ್ವು ಅಂದ್ರ, ಸಾಲ್ಯಾಗ ಮಾಸ್ತರು ಪಾಠ ನಿಲ್ಲಿಸಿಬಿಡ್ತಿದ್ರು. ಅವು ನಿಂತ ಮ್ಯಾಲೆ ಮುಂದಿನ ಮಾತು. ನಾ ಇಲ್ಲಿ ಹಿಮದಾಗ ಸ್ವೆಟರ್ ಹಾಕ್ಕೊಂಡು ಕೂತೀನಿ, ಕಿವ್ಯಾಗ ಅಳ್ನಾವರದ ಬ್ಯಾಸಗಿ! ಅತ್ತುಬಿಟ್ಟೆ,” ಎನ್ನುತ್ತಾರೆ. ಆವತ್ತು ಆ ತಟ್ಟೆಯನ್ನು ಕೆಲಸಕ್ಕೆಂದು ಒಮ್ಮೆ, ತಮಗೆಂದು ಒಮ್ಮೆ ಕೇಳಿದರು. ಮನೆಗೆ ಹೋಗಿ ಗಂಡನಿಗೆ ಹೇಳಿದರೆ ಪಾಂಡುರಂಗ, “ಜಪಾನದಾಗೂ ಜೀರುಂಡಿ ಅದಾವೇನು?” ಎಂದು ಕೇಳಿ ಕೆಲಸಕ್ಕೆ ಹೊರಟುಹೋದರಂತೆ. ರೆಕಾರ್ಡು ಬೇಗನೆ ಖರ್ಚಾಯಿತು. ಅಂಬುಜಾ ಅದಕ್ಕೆ ಬ್ಯಾಸಗಿ ಪ್ಲೇಟು ಎಂದು ಹೆಸರಿಟ್ಟಿದ್ದರು. ಮತ್ತೆ ಯಾವಾಗ ಒತ್ತುತ್ತೀರಿ ಎಂದು ಮಧುಸೂದನ್ ಅವರನ್ನು ಆಗಾಗ ಪೀಡಿಸುತ್ತಿದ್ದರು.

ಈ ವರ್ಷದ ಮೇ ತಿಂಗಳಲ್ಲಿ ಮತ್ತೆ ಆರ್ಡರು ಬಂತು. ಬೇಸಿಗೆಯೊಳಗೆ ಅಂಗಡಿಗೆ ಹೋಗಬೇಕು, ಎಂಟುನೂರು ತಟ್ಟೆ. ಮೊದಲ ತಟ್ಟೆಯನ್ನು ಕೋಣೆಗೆ ಒಯ್ಯುವಾಗ ಹಬ್ಬದ ಮನೆಗೆ ಹೊರಟವರ ಹಾಗಿತ್ತು ಅಂಬುಜಾರ ಮುಖ ಎಂದು ಸಿರಿಶಾ ನೆನೆಸಿಕೊಳ್ಳುತ್ತಾಳೆ. ಮುಳ್ಳು ಇಟ್ಟರು, ಕಣ್ಣು ಮುಚ್ಚಿದರು. ಏನೂ ಇಲ್ಲ. ಮುಳ್ಳಿನ ಸಣ್ಣ ಸರಸರ, ಆಮೇಲೆ ಧಡಾರನೆ ಡ್ರಮ್ಮು. ಮತ್ತೆ ಇಟ್ಟರು, ಮತ್ತೆ ಅದೇ. ಬೇರೆ ತಟ್ಟೆ ತರಿಸಿದರು, ಅದರಲ್ಲೂ ಅದೇ. ಯಾರೋ ಪುಣ್ಯಾತ್ಮರು ಜೀರುಂಡೆಯನ್ನು ಗಲೀಜು ಸದ್ದೆಂದು ತಿಳಿದು ತೊಳೆದುಹಾಕಿದ್ದಾರೆ ಎಂದು ಅವರಿಗೆ ಸಿಟ್ಟು ನೆತ್ತಿಗೇರಿತು. ಹೊರಗೆ ಬಂದು ಯಂತ್ರ ನಿಲ್ಲಿಸಿ ಎಂದರು. “ಜೀರುಂಡಿನ ಇಲ್ಲ ಅಂದ್ಮ್ಯಾಲೆ ಅದು ಎಂಥಾ ಬ್ಯಾಸಗಿ ಪ್ಲೇಟ್ರೀ? ಎಲ್ಲಾ ಪುಡಿಗೆ ಹಾಕ್ರಿ,” ಎಂದರು.

ಅಂಬುಜಾ ಹೇಳಿದ ಮೇಲೆ ಇನ್ನೊಬ್ಬರು ಕಿವಿ ಇಟ್ಟು ನೋಡುವ ಪದ್ಧತಿ ಈ ಕಾರ್ಖಾನೆಯಲ್ಲಿ ಇರಲೇ ಇಲ್ಲ. ಯಾಕೆ ಬೇಕಿತ್ತು? ಇಷ್ಟು ವರ್ಷಗಳಲ್ಲಿ ಅವರ ತೀರ್ಪು ಒಮ್ಮೆಯೂ ಸುಳ್ಳಾಗಿರಲಿಲ್ಲ. ಅಷ್ಟರಲ್ಲಿ ಒತ್ತಿದ್ದ ತಟ್ಟೆಗಳೆಲ್ಲ ಪುಡಿಯಂತ್ರಕ್ಕೆ ಹೋದವು. ಮಧುಸೂದನ್ ಅಚ್ಚು ಮಾಡಿದವರಿಗೆ ಫೋನು ಮಾಡಿ ಬಾಯಿಗೆ ಬಂದಂತೆ ಬೈದರು. ಅವರು ಎಲ್ಲ ಸರಿಯಾಗಿದೆ ಎಂದು ಬಡಕೊಂಡರೂ ಕೇಳದೆ ಹೊಸ ಅಚ್ಚು ಮಾಡಿಸಿದರು. ಹೊಸ ಅಚ್ಚಿನ ಮೊದಲ ತಟ್ಟೆಯನ್ನು ಅಂಬುಜಾ ಕೇಳಿದರು. ಹೆಡ್‌ಫೋನು ಕಿತ್ತಿಟ್ಟು, “ಇದರಾಗೂ ಇಲ್ಲ,” ಎಂದರು.

ಆ ಹೊತ್ತಿಗೆ ಬಾಗಿಲಲ್ಲಿ ನಿಂತಿದ್ದವಳು ಸಿರಿಶಾ. ಯಂತ್ರದ ಕೆಲಸಕ್ಕೆ ಸೇರಿ ಆಗಿನ್ನೂ ಮೂರು ತಿಂಗಳು. ಜೀರುಂಡೆ ಅಂದರೆ ಹೇಗೆ ಕೂಗುತ್ತದೋ ಅವಳಿಗೆ ಗೊತ್ತಿಲ್ಲ, ಸಟನ್‌ನಲ್ಲಿ ಹುಟ್ಟಿ ಬೆಳೆದ ಹುಡುಗಿ. ಬರೀ ಕುತೂಹಲಕ್ಕೆ ಹೆಡ್‌ಫೋನು ಕಿವಿಗಿಟ್ಟು ಮುಳ್ಳನ್ನು ಮತ್ತೆ ಮೊದಲಿಗೆ ತಂದಳು. ತಕ್ಷಣ ಮುಖ ಕಿವುಚಿ ಒಂದು ಕಡೆಯದನ್ನು ಸರಿಸಿದಳು.

“ಆಂಟಿ, ಏನಿದು ಇಷ್ಟು ಲೌಡು? ಯಾರೋ ತಗಡು ಉಜ್ಜಿದ ಹಾಗೆ.”

“ಏನು ಲೌಡು?” ಎಂದರು ಅಂಬುಜಾ.

“ಈ ಸೌಂಡ್, ಆಂಟಿ. ಡ್ರಮ್ಸ್‌ಗೆ ಮುಂಚೆ ಬರ್ತಾ ಇದೆಯಲ್ಲ. ಇಟ್ಸ್ ದೇರ್.”

ಅಂಬುಜಾ ಹೆಡ್‌ಫೋನು ಕಸಿದುಕೊಂಡು ಇನ್ನೊಮ್ಮೆ ಹಾಕಿಸಿದರು. ಸದ್ದು ಏರಿಸು ಎಂದರು. ಇನ್ನೂ ಏರಿಸು ಎಂದರು. ಡ್ರಮ್ಮು ಬಂದಾಗ ನೋವಿಗೆ ತಲೆ ಹಿಡಿದುಕೊಂಡರು. ಡ್ರಮ್ಮಿಗೆ ಮುಂಚೆ ಅವರಿಗೆ ಕೇಳಿಸಿದ್ದು ಏನೂ ಇಲ್ಲ. “ಅವಾಗ ತಿಳೀತ್ರೀ. ಪ್ಲೇಟಿನಾಗ ಎಲ್ಲಾ ಇತ್ತು. ನನ್ನೊಳಗ ಇದ್ದಿಲ್ಲ,” ಎನ್ನುತ್ತಾರೆ. ಆ ದಿನ ಯಾರಿಗೂ ಹೇಳದೆ ಕೋಟು ಹಾಕಿಕೊಂಡು ಮನೆಗೆ ಹೋದರು. ಬಳೆಯ ಡಬ್ಬಿ ಮೇಜಿನ ಮೇಲೆಯೇ ಉಳಿಯಿತು.

ಮನೆಯಲ್ಲಿ ಸುಳಿವು ಮೊದಲೇ ಸಿಕ್ಕಿತ್ತು, ಯಾರೂ ಲಕ್ಷ್ಯಕ್ಕೆ ತಂದುಕೊಂಡಿರಲಿಲ್ಲ. ಮಾರ್ಚಿನಲ್ಲಿ ಫ್ಲ್ಯಾಟಿನ ಸ್ಮೋಕ್ ಅಲಾರ್ಮಿನ ಬ್ಯಾಟರಿ ಮುಗಿದು ಅದು ಹಗಲೂ ರಾತ್ರಿ ಕೀಂ ಕೀಂ ಎನ್ನುತ್ತಿತ್ತು. ಪಾಳಿ ಮುಗಿಸಿ ಬಂದು ಮಲಗಿದ ಪಾಂಡುರಂಗ ದಿಂಬಿನಲ್ಲಿ ಕಿವಿ ಮುಚ್ಚಿ ಹೊರಳಾಡುತ್ತಿದ್ದರು. “ಒಂದು ಬ್ಯಾಟರಿ ಹಾಕ್ಲಿಕ್ಕೂ ಪುರಸೊತ್ತಿಲ್ಲೇನು ನಿನಗ? ತಲಿ ತಿನ್ಲಿಕತ್ತದ ಅದು,” ಎಂದು ಒಂದು ದಿನ ಕೂಗಾಡಿದರು. ಯಾವುದು ಎಂದು ಅಂಬುಜಾ ಕೇಳಿದ್ದನ್ನು ಅವರು ಅಣಕವೆಂದೇ ತಿಳಿದರು. ಗಂಡಹೆಂಡಿರ ನಡುವೆ ಎರಡು ದಿನ ಮಾತಿರಲಿಲ್ಲ. “ಮೂವತ್ತು ವರ್ಷ ಪೇಶಂಟ್ ನೋಡೀನಿ, ಮನಿಯೊಳಗಿನ ಪೇಶಂಟ್ ಕಾಣಲಿಲ್ಲ ನನಗ,” ಎನ್ನುವಾಗ ಪಾಂಡುರಂಗ ಹೆಂಡತಿಯ ಕಡೆ ನೋಡುವುದಿಲ್ಲ.

ಬಡಾವಣೆಯ ಡಾಕ್ಟರು ಚೀಟಿ ಬರೆದುಕೊಟ್ಟರು, ಕಿವಿ ಪರೀಕ್ಷೆಯಾಯಿತು. ವಯಸ್ಸೂ ಹೌದು, ದಿನವಿಡೀ ಹೆಡ್‌ಫೋನು ಹಾಕಿದ್ದೂ ಹೌದು. ತೆಳ್ಳನೆಯ ಏರುದನಿಗಳೆಲ್ಲ ಹೋಗಿವೆ, ಹೋದದ್ದು ಬರುವುದಿಲ್ಲ, ಮಾತು ಕೇಳಿಸಲು ಕಿವಿಯಂತ್ರ ಕೊಡುತ್ತೇವೆ ಎಂದರು. ಅದನ್ನು ಹಾಕಿಕೊಂಡರೆ ಜೀರುಂಡೆ ಕೇಳುತ್ತದೆಯೇ ಎಂದು ಅಂಬುಜಾ ಕೇಳಿದರಂತೆ. ಪರೀಕ್ಷೆ ಮಾಡಿದ ಹೆಣ್ಣುಮಗಳು ಬಲು ಒಳ್ಳೆಯವಳು, ಸುಳ್ಳು ಆಸೆ ತೋರಿಸಲಿಲ್ಲ. ಅಂಬುಜಾ ಮನೆಗೆ ಬಂದು ಅಡುಗೆಮನೆಯ ನಲ್ಲಿ ತಿರುಗಿಸಿ, ನೀರಿನ ಸದ್ದು ಹಿಂದೆ ಹೇಗಿತ್ತೆಂದು ನೆನಪಿಸಿಕೊಳ್ಳುತ್ತ ಬಹಳ ಹೊತ್ತು ನಿಂತಿದ್ದರು. ಮಗಳು ಧೃತಿ ಬಂದು ನಲ್ಲಿ ನಿಲ್ಲಿಸಿ, “ಅಮ್ಮಾ, ಪ್ಲೀಸ್, ಡೋಂಟ್ ಡೂ ದಿಸ್,” ಎಂದು ಅಪ್ಪಿಕೊಂಡಳು. ಆಗ ಅತ್ತರು. ಹೊಟ್ಟೆ ತುಂಬ ಅತ್ತರು.

ಕಾರ್ಖಾನೆಯಲ್ಲಿ ವಿಷಯ ತಿಳಿದಾಗ ಮಧುಸೂದನ್ ಒಂದು ದಾರಿ ಹುಡುಕಿದರು. ಕೆಟ್ಟ ಮನುಷ್ಯನಲ್ಲ ಅವರು, ಅಂಬುಜಾ ಮೇಲೆ ನಿಜವಾದ ಅಕ್ಕರೆ. ಜೊತೆಗೆ ವ್ಯಾಪಾರವೂ ಇದೆಯಲ್ಲ, ಈ ಸಣ್ಣ ಕಂಪನಿಗಳು ಇಲ್ಲಿಗೆ ಬರುವುದೇ ಅಂಬುಜಾರ ಸಹಿ ನೋಡಿ. “ಅಂಬುಜಕ್ಕ, ಸಿರಿಶಾ ಕೇಳ್ಲಿ. ನೀವು ಪಕ್ಕದಲ್ಲಿ ಕೂತಿರಿ. ಸಹಿ ನೀವೇ ಹಾಕಿ. ಹೊರಗಡೆ ಯಾರಿಗೂ ಗೊತ್ತಾಗಲ್ಲ,” ಎಂದರು. ಅಂಬುಜಾಗೆ ಆ ಕುರ್ಚಿ ಬಿಡಲು ಮನಸ್ಸಿರಲಿಲ್ಲ, ಅದನ್ನು ಮುಚ್ಚಿಡುವುದಿಲ್ಲ ಅವರು. ಎರಡು ದಿನ ಹೂಂ ಅನ್ನಲೋ ಉಹೂಂ ಅನ್ನಲೋ ಎಂದು ಒದ್ದಾಡಿದರು. ಅಂಗಡಿಯ ಬಿಲ್ಲಿನ ಮೇಜಿನಿಂದ ಎದ್ದು ಬಂದವರಿಗೆ ಈ ಲಂಡನ್ನಿನಲ್ಲಿ ಸಿಕ್ಕ ಒಂದೇ ಗೌರವ ಅದು. ಮೂರನೆಯ ದಿನ ಹೋಗಿ, “ಕೇಳಲಾರದ್ದಕ್ಕ ಹೆಂಗ್ರೀ ಸಹಿ ಮಾಡ್ಲಿ? ಬ್ಯಾಡ್ರಿ, ನನ್ನ ಪ್ಯಾಕಿಂಗಿಗೆ ಹಾಕ್ರಿ,” ಎಂದರು.

ಅಷ್ಟಕ್ಕೇ ಬಿಡಲಿಲ್ಲ. ಚಳಿಗಾಲದಿಂದೀಚೆ ತಾವು ಪಾಸು ಮಾಡಿದ್ದನ್ನೆಲ್ಲ ಸಿರಿಶಾ ಮತ್ತೆ ಕೇಳಬೇಕು ಎಂದು ಹಟ ಹಿಡಿದರು. ಮಾರಿಹೋದದ್ದನ್ನು ಕೆದಕಿ ಏನು ಉಪಯೋಗ ಎಂದು ಮಧುಸೂದನ್ ಸಿಡುಕಿದರು. ಆದರೂ ಸಿರಿಶಾ ಒಂದೊಂದನ್ನೂ ಹಾಕಿ ಕೇಳಿದಳು. ಪಿಟೀಲಿನ ಒಂದು ರೆಕಾರ್ಡಿನಲ್ಲಿ ಉದ್ದಕ್ಕೂ ಸೂಜಿಯಂಥ ಒಂದು ಶಿಳ್ಳೆ ಸಿಕ್ಕಿತು. ಅಂಬುಜಾ ಅದನ್ನು ಒಂದು ಚೂರೂ ದೋಷವಿಲ್ಲ ಎಂದು ಕಳಿಸಿದ್ದರು. ಅಂಗಡಿಗಳಿಂದ ಅದನ್ನು ವಾಪಸು ತರಿಸಬೇಕಾಯಿತು. ಡಬ್ಬಗಳು ಬಂದು ಇಳಿದ ದಿನ ಅಂಬುಜಾ ತಾವೇ ಅವನ್ನು ಒಡೆದು ತಟ್ಟೆಗಳನ್ನು ಪುಡಿಯಂತ್ರಕ್ಕೆ ಹಾಕಿದರು. ಬೇರೆಯವರನ್ನು ಹತ್ತಿರಕ್ಕೂ ಬಿಡಲಿಲ್ಲ. “ನಾಚಿಕಿ ಆತ್ರೀ. ಭಾಳ ನಾಚಿಕಿ ಆತು,” ಎಂದಷ್ಟೇ ಹೇಳುತ್ತಾರೆ.

ಇವತ್ತು ಬೇಸಿಗೆ ರೆಕಾರ್ಡಿನ ಕೊನೆಯ ತೀರ್ಪು. ಏಳಕ್ಕೆ ಸಿರಿಶಾ ಏದುಸಿರು ಬಿಡುತ್ತ ಬರುತ್ತಾಳೆ, ಟ್ಯೂಬ್ ರೈಲಿಗೆ ನಾಲ್ಕು ಬೈಗುಳ ಅರ್ಪಿಸುತ್ತಾಳೆ, ಕುರ್ಚಿಯಲ್ಲಿ ಕೂರುತ್ತಾಳೆ. ಅಂಬುಜಾ ಗೋಡೆಗೊರಗಿ ನಿಲ್ಲುತ್ತಾರೆ. ಮುಳ್ಳು ತಟ್ಟೆಯನ್ನು ಮುಟ್ಟುತ್ತದೆ. ಜೀರುಂಡೆ ಕೇಳಿಸಿದಾಗ ಕೈ ಎತ್ತು ಎಂದು ಅವರು ಮೊದಲೇ ಹೇಳಿಟ್ಟಿದ್ದಾರೆ. ಸಿರಿಶಾಳ ಕೈ ಮೇಲೇಳುತ್ತದೆ, ಹಾಗೆಯೇ ನಿಲ್ಲುತ್ತದೆ. ಅಂಬುಜಾ ಆ ಕೈಯನ್ನೇ ನೋಡುತ್ತಾರೆ, ಆಮೇಲೆ ತಿರುಗುವ ತಟ್ಟೆಯನ್ನು ನೋಡುತ್ತಾರೆ. ಈ ಅರ್ಧ ನಿಮಿಷ ಅವರ ಮುಖ ನೋಡಲಾಗುವುದಿಲ್ಲ. ಕೈ ಇಳಿಯುತ್ತದೆ. ಹಾಡು ಶುರುವಾಗಿದೆ.

“ಕ್ಲೀನ್ ಇದೆ, ಆಂಟಿ,” ಎನ್ನುತ್ತಾಳೆ ಎರಡೂ ಮೈ ಮುಗಿದ ಮೇಲೆ. ಕಾಗದ ಹತ್ತಿರಕ್ಕೆ ಎಳೆದುಕೊಂಡು ಸಹಿ ಹಾಕುತ್ತಾಳೆ. ಅಂಬುಜಾ ಅವಳ ಬೆನ್ನು ತಟ್ಟಿ ಹೊರಗೆ ಹೋಗಿ ಪ್ಯಾಕಿಂಗ್ ಮೇಜಿನ ಮುಂದೆ ನಿಲ್ಲುತ್ತಾರೆ. ಯಂತ್ರ ಸದ್ದು ಮಾಡುತ್ತ ಶುರುವಾಗುತ್ತದೆ.

ಹತ್ತರ ಚಹಾದ ಹೊತ್ತಿಗೆ ಮಧುಸೂದನ್ ಒಂದು ಕಾಗದ ಹಿಡಿದು ಬರುತ್ತಾರೆ. ಮುಖದಲ್ಲಿ ಏನೋ ಗುಟ್ಟು. ರೆಕಾರ್ಡಿನ ಹೊದಿಕೆಯ ಹಿಂದೆ ಹಾಡಿದವರ, ಬಾರಿಸಿದವರ, ಚಿತ್ರ ಬರೆದವರ ಹೆಸರುಗಳಿರುತ್ತವಲ್ಲ, ಅದರ ಕರಡು. ಕೆಳಗಿನ ಸಾಲಿನ ಮೇಲೆ ಬೆರಳಿಟ್ಟು ತೋರಿಸುತ್ತಾರೆ. “ನೋಡಿ ಅಂಬುಜಕ್ಕ, ರೆಕಾರ್ಡ್ ಕಂಪನಿಯವ್ರಿಗೆ ನಾನೇ ಕೇಳಿ ಹಾಕ್ಸಿದೀನಿ. ‘ಕೇಳಿದವರು, ಅಂಬುಜಾ ಪಾಂಡುರಂಗ’ ಅಂತ. ಮಧ್ಯಾಹ್ನ ಪ್ರಿಂಟಿಗೆ ಹೋಗತ್ತೆ.”

ಅಂಬುಜಾ ಕನ್ನಡಕ ಹಾಕಿಕೊಂಡು ಓದುತ್ತಾರೆ. ಹೆಸರಿನ ಮೇಲೆ ಬೆರಳಾಡಿಸುತ್ತಾರೆ. ಕಣ್ಣು ತುಂಬಿದ್ದು ಎಲ್ಲರಿಗೂ ಕಾಣುತ್ತದೆ. ಆಮೇಲೆ ಸಿರಿಶಾಳ ಕಿಸೆಯಿಂದ ಪೆನ್ನು ತೆಗೆದುಕೊಂಡು, ಆ ಹೆಸರನ್ನು ನಿಧಾನವಾಗಿ ಹೊಡೆದುಹಾಕಿ, ಪಕ್ಕದಲ್ಲಿ ಸಿರಿಶಾ ಎಂದು ಬರೆಯುತ್ತಾರೆ.

“ಯಾಕೆ ಅಕ್ಕ?” ಎಂದು ಮಧುಸೂದನ್ ತೊದಲುತ್ತಾರೆ.

“ಇದನ್ನ ಕೇಳಿದಾಕಿ ಅಕಿ,” ಎನ್ನುತ್ತಾರೆ ಅಂಬುಜಾ, ಕಾಗದವನ್ನು ಅವರ ಕೈಗೆ ವಾಪಸು ಕೊಡುತ್ತ. “ನನ್ನ ಹೆಸರು ಹಾಕೂದಿದ್ರ ಹೋದ ಸಲದ್ದಕ್ಕ ಹಾಕಬೇಕಿತ್ರೀ. ಅವಾಗ ಪೂರಾ ಕೇಳಿದ್ದೆ ನಾ.”